ಚೀಲದ ಮೇಲೆ ‘25 ಕೆ.ಜಿ.ವರೆಗೆ’ ಎಂದಿದ್ದರೆ?

ಕಳೆದ ತಿಂಗಳು ತಂಗಿಯ ಆನ್‌ಲೈನ್ ಅಣಕು ಪರೀಕ್ಷೆ ಅರ್ಧಕ್ಕೇ ನಿಂತುಹೋಯಿತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು, ಅವಳು ಅಳುತ್ತಲೇ ಇದ್ದಳು. ‘ನೂರು ಎಂಬಿಪಿಎಸ್‌ಗೆ ದುಡ್ಡು ಕಟ್ತೀವಲ್ಲೋ, ಎಲ್ಲಿ ಹೋಯ್ತು?’ ಎಂದು ಅಪ್ಪ ಕೇಳಿದ್ದು ನನ್ನನ್ನು. ಮನೆಯಲ್ಲಿ ಬಿ.ಇ. ಓದುವವನಿದ್ದರೆ ಮಿಕ್ಸಿ ಕೆಟ್ಟರೂ ಅವನೇ ಉತ್ತರ ಕೊಡಬೇಕು! ನಾನು ನೆಟ್ ಲೈನ್ ನೋಡಿಕೊಳ್ಳುವ ಅಣ್ಣನಿಗೆ ಫೋನ್ ಮಾಡಿ ರೇಗಾಡಿದೆ. ಅವರು, ‘ರೂಟರ್‌ಗೆ ಕೇಬಲ್ ಹಾಕಿ ಒಂದ್ಸಲ ನೋಡಿ ಹೇಳು ತಮ್ಮಾ’ ಎಂದಷ್ಟೇ ಹೇಳಿದರು.

ನೋಡಿದೆ. ಕೋಣೆಯಲ್ಲಿ ಮೊಬೈಲ್ 18 ತೋರಿಸುತ್ತಿತ್ತು. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರ ರೂಟರ್‌ಗೆ ಜೋಡಿಸಿದರೆ 93! ನಮ್ಮ ರೂಟರ್ ಇದ್ದದ್ದು ಟಿ.ವಿ. ಹಿಂದಿನ ಮೂಲೆಯಲ್ಲಿ, ತಂಗಿ ಓದುವುದು ಎರಡು ಗೋಡೆ ಆಚೆ. ಅದೂ 2.4 ಗಿಗಾಹರ್ಟ್ಸ್‌ನಲ್ಲಿ. ಅಕ್ಕಪಕ್ಕದ ಮನೆಗಳ ವೈಫೈ ಕೂಡ ಅಲ್ಲೇ ಕಿಕ್ಕಿರಿದಿರುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ಆದರೆ ಅದು ಗೋಡೆ ದಾಟುವುದರಲ್ಲಿ ಸೋಮಾರಿ. ರೂಟರನ್ನು ಹಾಲ್‌ನ ನಡುವೆ ಎತ್ತರದಲ್ಲಿಟ್ಟೆವು. ಕೋಣೆಯಲ್ಲೂ 60 ದಾಟಿತು. ಆ ಅಣ್ಣನಿಗೆ ಮತ್ತೆ ಫೋನ್ ಮಾಡಿ ‘ಸಾರಿ’ ಹೇಳಿದೆ.

‘ಆದರೂ ಸಿನಿಮಾ ಇಳಿಸುವಾಗ 11 ಅಂತ ತೋರಿಸುತ್ತಲ್ಲ?’ ಎಂಬುದು ಅಪ್ಪನ ಮುಂದಿನ ಅನುಮಾನ. ಅದು ಮೋಸವಲ್ಲ, ಅಳತೆಯ ವ್ಯತ್ಯಾಸ. ಕಂಪನಿ ಹೇಳುವುದು ಮೆಗಾಬಿಟ್‌ನಲ್ಲಿ, ಕಂಪ್ಯೂಟರ್ ತೋರಿಸುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್.

ಹಾಗಾದರೆ ತಪ್ಪೆಲ್ಲ ನಮ್ಮದೇ? ಅಲ್ಲ. ಒಂದು ವಾರ ಬೆಳಿಗ್ಗೆ 6ಕ್ಕೆ ಮತ್ತು ರಾತ್ರಿ 9ಕ್ಕೆ, ಮನೆಯ ಫೋನ್‌ಗಳ ವೈಫೈ ಎಲ್ಲ ಆರಿಸಿ, ಕೇಬಲ್ ಹಾಕಿಯೇ ಅಳೆದು ಬರೆದಿಟ್ಟೆ. ಬೆಳಿಗ್ಗೆ 90ರ ಆಸುಪಾಸು. ರಾತ್ರಿ ಮೂರು ದಿನ 40 ಕೂಡ ಮುಟ್ಟಲಿಲ್ಲ. ಬೀದಿಯವರೆಲ್ಲ ಒಂದೇ ಹೊತ್ತಿಗೆ ವಿಡಿಯೊ ನೋಡಲು ಕೂತಾಗ ಹಂಚಿಕೊಳ್ಳುವ ಲೈನ್ ಸಾಲುವುದಿಲ್ಲ. ಇನ್ನೊಂದು ವಿಷಯ: ಸ್ಪೀಡ್ ಟೆಸ್ಟ್ ಆ್ಯಪ್‌ಗಳು ಸಾಮಾನ್ಯವಾಗಿ ಹತ್ತಿರದ ಸರ್ವರನ್ನೇ ಆರಿಸಿಕೊಳ್ಳುತ್ತವೆ. ಕೆಲವೊಮ್ಮೆ ಅದು ನಮ್ಮ ಕಂಪನಿಯದೇ ಆಗಿರುತ್ತದೆ. ಆದ್ದರಿಂದ ದೂರದ ಊರಿನ ಸರ್ವರ್ ಆರಿಸಿಯೂ ಅಳೆಯಬೇಕು.

ನನ್ನ ತಕರಾರು ಜಾಹೀರಾತಿನ ‘ವರೆಗೆ’ ಎಂಬ ಪದದ ಮೇಲೆ. ‘100 ಎಂಬಿಪಿಎಸ್‌ವರೆಗೆ’ ಎಂದರೆ 40 ಕೊಟ್ಟರೂ ಮಾತು ತಪ್ಪಿದಂತಾಗುವುದಿಲ್ಲ. ಅಕ್ಕಿ ಚೀಲದ ಮೇಲೆ ‘25 ಕೆ.ಜಿ.ವರೆಗೆ’ ಎಂದು ಬರೆದಿದ್ದರೆ ಯಾರಾದರೂ ಕೊಳ್ಳುತ್ತಾರೆಯೇ? ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಕೇಂದ್ರ ಸರ್ಕಾರ 2023ರಲ್ಲಿ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಆ 2ಕ್ಕೂ ಈ 100ಕ್ಕೂ ನಡುವೆ ಗ್ರಾಹಕ ಎಲ್ಲಿ ನಿಲ್ಲಬೇಕು? ರಾತ್ರಿ 9ಕ್ಕೆ ಕನಿಷ್ಠ ಎಷ್ಟು ಸಿಗುತ್ತದೆ ಎಂಬುದನ್ನು ಪ್ರತಿ ಪ್ಲಾನ್‌ನ ಪಕ್ಕದಲ್ಲೇ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ ಹಾಕುವುದನ್ನು ಕಡ್ಡಾಯ ಮಾಡಬೇಕು.

200ರ ಪ್ಲಾನ್‌ಗೆ ಹೋಗಲು ಸಿದ್ಧರಾಗಿದ್ದ ಅಪ್ಪನನ್ನು ಸದ್ಯ ತಡೆದಿದ್ದೇನೆ. ವಾರದ ಅಳತೆಯ ಪಟ್ಟಿ ಲಗತ್ತಿಸಿ ಕಂಪನಿಗೆ ದೂರು ಕೊಟ್ಟು, ದೂರಿನ ಸಂಖ್ಯೆ ಬರೆದಿಟ್ಟುಕೊಂಡಿದ್ದೇನೆ. ತಂಗಿಯ ಮುಂದಿನ ಪರೀಕ್ಷೆ ಭಾನುವಾರ ರಾತ್ರಿ 8ಕ್ಕೆ. ಹಾಲ್‌ನಿಂದ ಅವಳ ಕೋಣೆಗೆ ಉದ್ದನೆಯ ಕೇಬಲ್ ಎಳೆದು, ಅಜ್ಜಿ ಎಡವದಂತೆ ಟೇಪ್ ಅಂಟಿಸಿದ್ದೇವೆ.