ಬಟ್ಟಿಗೆ ಹಾಕುವ ಮುನ್ನ ಮರ ನೋಡಿ

ಆದವಾನಿ ಸೀಮೆಯ ಪೆದ್ದಹರಿವಾಣಂ ಸುತ್ತ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಹಳ್ಳದ ದಂಡೆ, ಬೀಳುಹೊಲ, ಕೆರೆಯಂಗಳ ಯಾವುದನ್ನೂ ಬಿಟ್ಟಿಲ್ಲ. ಕಡಿದು ಗುಡ್ಡೆ ಹಾಕಿ, ಮಣ್ಣು ಮೆತ್ತಿ, ಇದ್ದಿಲು ಸುಡುತ್ತಾರೆ. ಹಾಳು ಜಾಲಿ ತಾನೇ, ಸುಡಲಿ ಎನ್ನುತ್ತೀರಿ. ಅದರ ಜೊತೆಗೇ ಬೇವಿನ ಬೊಡ್ಡೆ, ಕರಿಜಾಲಿಯ ತುಂಡು ಬಟ್ಟಿಗೆ ಬಿದ್ದರೆ ಕೇಳುವವರು ಯಾರು? ಮಣ್ಣು ಮುಚ್ಚಿದ ಮೇಲೆ ಎಲ್ಲವೂ ಇದ್ದಿಲೇ.

ಈ ಎರೆನಾಡಿನ ಬೇಸಾಯ ನಿಂತಿದ್ದೇ ಕರಿಜಾಲಿಯ ಮೇಲೆ. ರಂಟೆ, ಕುಂಟೆ, ಬಂಡಿಯ ಗಾಲಿ, ಎಲ್ಲಕ್ಕೂ ಬಡಿಗೇರರು ಹುಡುಕುತ್ತಿದ್ದುದು ಅದರ ಕೆಚ್ಚನ್ನೇ. ನೀರಿಗೆ ಹಾಕಿದರೆ ಮುಳುಗುವಷ್ಟು ತೂಕದ ಕಮರವೂ ನಮ್ಮ ಒಣಸೀಮೆಯದೇ. ಕೆಚ್ಚು ಬಲಿಯಲು ಒಂದು ತಲೆಮಾರು ಬೇಕು. ಯಂತ್ರದ ಗರಗಸಕ್ಕೆ ಐದು ನಿಮಿಷ ಸಾಕು.

ಇನ್ನು ಬಳ್ಳಾರಿ ಜಾಲಿ. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಬಡಗು ತುದಿಯ ಈ ಮರವನ್ನು ಮದರಾಸು ಸರಕಾರದ ಅರಣ್ಯಾಧಿಕಾರಿಗಳು ಬೀಜ ತರಿಸಿ, 1877ರಲ್ಲಿ ಪಕ್ಕದ ಕಡಪ ಜಿಲ್ಲೆಯ ಕಮಲಾಪುರದಲ್ಲಿ ನೆಟ್ಟರು. ಉರುವಲಿಗೆಂದು ತಂದರು, ಲಗಾಮು ಹಾಕಲಿಲ್ಲ. ಕುರಿ, ದನ ಕಾಯಿ ತಿಂದು ಹಿಕ್ಕೆ, ಸಗಣಿಯಲ್ಲಿ ಬೀಜ ಹರಡಿದವು. ಹುಲ್ಲುಗಾವಲು ಮುಳ್ಳಿನ ಪಾಲಾಯಿತು. ಆ ತಪ್ಪು ಮರದ್ದಲ್ಲ, ತಂದವರದ್ದು.

ಮರವೇನು ಕಳಪೆಯೇ? ಅದರ ಕೆಚ್ಚು ಗಟ್ಟಿ, ಒಣಗಿದರೂ ಹೆಚ್ಚು ಸೊರಗದು, ಬಿರಿಯದು. ಇದೇ ಕುಲದ ಮರದಿಂದ ಅರ್ಜೆಂಟೀನಾದವರು ಬಾಗಿಲು, ಮೇಜು, ಕುರ್ಚಿ ಮಾಡುತ್ತಾರೆ. ಒಂದು ಕಾಲಕ್ಕೆ ಬ್ಯೂನಸ್ ಐರಿಸ್‌ನ ಬೀದಿಗಳಿಗೇ ಅದರ ತುಂಡುಗಳನ್ನು ಹಾಸಿದ್ದರು. ನಾವು ಮಾತ್ರ ಸೊಟ್ಟ ಕೊಂಬೆ, ದಪ್ಪ ಬೊಡ್ಡೆ ಎನ್ನದೆ ಎಲ್ಲವನ್ನೂ ಬೆಂಕಿಗೆ ದೂಡುತ್ತೇವೆ. ನಾಲ್ಕೈದು ಟನ್ ಕಟ್ಟಿಗೆ ಸುಟ್ಟರೆ ಕೈಗೆ ಬರುವುದು ಒಂದು ಟನ್ ಇದ್ದಿಲು. ಕಡಿದು ಬಿಟ್ಟ ಬುಡ ಮತ್ತೆ ಹತ್ತು ಕವಲೊಡೆದು ಮೊದಲಿಗಿಂತ ದಟ್ಟ ಮುಳ್ಳಾಗುತ್ತದೆ. ಮರವೂ ಹೋಯಿತು, ಹೊಲವೂ ಬರಲಿಲ್ಲ! ಇದನ್ನು ಉದ್ಯೋಗವೆನ್ನಬೇಡಿ, ಇದು ಲೂಟಿ. ಹೊಗೆ ಕುಡಿಯುವ ಕೂಲಿಯವನಿಗೆ ಇದರಲ್ಲಿ ಬಿಡಿಗಾಸೂ ಉಳಿಯದು.

1953ರಲ್ಲಿ ನಮ್ಮ ಆದವಾನಿ ತಾಲ್ಲೂಕು ಬಳ್ಳಾರಿಯಿಂದ ಆಂಧ್ರಕ್ಕೆ ಹೋಯಿತು. ಮುಳ್ಳು, ಬಟ್ಟಿ ಗಡಿಯ ಎರಡೂ ಕಡೆ ಉಳಿದವು. ಹಾಗಾಗಿ ಎರಡೂ ಸರಕಾರಗಳಿಗೆ ಹೇಳುತ್ತಿದ್ದೇನೆ: ಬಟ್ಟಿಗೆ ಹೋಗುವ ಗಾಡಿಗಳನ್ನು ತಡೆದು ನೋಡಿ. ಬೇವು, ಹುಣಸೆ, ಕರಿಜಾಲಿ ಕಂಡರೆ ಗುತ್ತಿಗೆದಾರನ ಪರವಾನಗಿ ಕಿತ್ತುಕೊಳ್ಳಿ. ಬಳ್ಳಾರಿ ಜಾಲಿಯ ದಪ್ಪ ದಿಮ್ಮಿ ಬಡಿಗೇರನಿಗೆ ಸಿಗಲಿ. ಊರ ಬಂಜರಿನಿಂದ ಅದನ್ನು ಬೇರುಸಹಿತ ಕೀಳಿಸಿ, ಅದೇ ಗುಂಡಿಯಲ್ಲಿ ಕಮರ, ಕರಿಜಾಲಿ ನೆಡಿಸಿ. ಈ ಮಳೆಗಾಲದಲ್ಲೇ ಶುರು ಮಾಡಿ.