ಹಾರುವ ಹೆಬ್ಬಾತುಗಳ ಬೆನ್ನು ಹತ್ತಿ

“ಹಾರುವ ಹಕ್ಕಿಯ ಚಿತ್ರವನ್ನು ತೆಗೆಯಬೇಕೆಂದು ಎಷ್ಟು ಹೆಣಗಿದರೂ ಕೈಗೆ ಬರುವುದು ಬರಿಯ ಬಾನು, ಇಲ್ಲವೆ ಒಂದು ಕರಿಯ ಮಚ್ಚೆ” ಎಂದು ಹಲುಬುವ ಮಿತ್ರರು ನನಗೆ ಹಲವರಿದ್ದಾರೆ. ಅವರಿಗೆ ನಾನು ಹೇಳುವುದು ಒಂದೇ ಮಾತು: ಹೆಬ್ಬಾತಿನಿಂದ ಆರಂಭಿಸಿರಿ. ಮಿಂಚುಳ್ಳಿಯಂಥ ಹಕ್ಕಿ ಕಣ್ಣಿಗೇ ಸಿಕ್ಕುವುದು ಕಷ್ಟ, ಕ್ಯಾಮೆರಾಕ್ಕೆ ಸಿಕ್ಕುವುದೆಂತು? ಹೆಬ್ಬಾತು ಹಾಗಲ್ಲ. ಅದರದು ದೊಡ್ಡ ಮೈ, ನೇರವಾದ ಹಾದಿ, ಅಚ್ಚುಕಟ್ಟಾದ ಸಾಲು. ಮೇಲಾಗಿ, ತಾನು ಬರುತ್ತಿರುವೆನೆಂದು ದೂರದಿಂದಲೇ ಕೂಗಿ ತಿಳಿಸುವ ಸೌಜನ್ಯವೂ ಅದಕ್ಕುಂಟು.

ಇದಕ್ಕಾಗಿ ವಾಚಕರು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಹಿಮಾಲಯವನ್ನು ದಾಟಿ ಅವೇ ನಮ್ಮಲ್ಲಿಗೆ ಬರುತ್ತವೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಎಂಬ ಊರಿದೆ (ಕೆಂಪೇಗೌಡರ ಮಾಗಡಿಯಲ್ಲ, ಆ ಬಸ್ಸನ್ನು ಹತ್ತಿ ಪೇಚಾಡಬೇಡಿ). ಅಲ್ಲಿಯ ಕೆರೆ ಐವತ್ತು ಹೆಕ್ಟೇರಿಗೆ ತುಸು ಮಿಕ್ಕದ್ದು. ನವೆಂಬರಿನಿಂದ ಫೆಬ್ರವರಿಯವರೆಗೆ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಬೀಡುಬಿಡುತ್ತವೆ. 2024ರಲ್ಲಿ ಈ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣವೆಂಬ ರಾಮ್ಸಾರ್ ಮನ್ನಣೆ ದೊರೆಯಿತು. ಮೈಸೂರಿನ ಕಡೆಯವರಿಗೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಹತ್ತಿರ. ಬೂದು ಮೈ, ಬೆಳ್ಳನೆಯ ತಲೆ, ಅದರ ಹಿಂಬದಿಗೆ ಕಾಡಿಗೆಯಿಂದ ಎಳೆದಂತೆ ಎರಡು ಕರಿಯ ಪಟ್ಟೆ. ಗುರುತು ತಪ್ಪುವ ಹಾಗೆಯೇ ಇಲ್ಲ. ಮಂಗೋಲಿಯ, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಏಳು ಸಾವಿರ ಮೀಟರಿಗೂ ಮೇಲೆ ಹಾರಬಲ್ಲ ಈ ಜೀವಿ ನಮ್ಮ ಕಡಲೆಯ ಹೊಲದಲ್ಲಿ ಮೇಯುತ್ತಿರುವುದನ್ನು ಕಂಡಾಗ, ಮನೆಗೆ ಬಂದ ದೊಡ್ಡ ಮನುಷ್ಯರು ಚಾಪೆಯ ಮೇಲೆ ಕುಳಿತು ಅವಲಕ್ಕಿ ತಿಂದಷ್ಟೇ ಸಂಕೋಚವಾಗುತ್ತದೆ.

ಸಂಜೆ ಕೆರೆಯಿಂದ ಹೊಲಗಳಿಗೆ ಹೋದ ಹಿಂಡುಗಳು ಬೆಳಗಿನಲ್ಲಿ ಸಾಲುಸಾಲಾಗಿ ನೀರಿಗೆ ಮರಳುತ್ತವೆ. ನಮಗೆ ಬೇಕಾದದ್ದು ಈ ಬೆಳಗಿನ ಹೊತ್ತೇ. ಎಲ್ಲಿ ನಿಲ್ಲಬೇಕೆಂಬುದನ್ನು ಅರಿತರೆ ಅರ್ಧ ಕೆಲಸ ಮುಗಿದಂತೆ. ಹೆಬ್ಬಾತು ಗಾಳಿಗೆ ಎದುರಾಗಿ ಇಳಿಯುತ್ತದೆ. ಮಾಗಿಯಲ್ಲಿ ಬಯಲುಸೀಮೆಯ ಗಾಳಿ ಬಹುಮಟ್ಟಿಗೆ ಮೂಡಣದಿಂದ ಬೀಸುವುದು. ಆದುದರಿಂದ ಕೆರೆಯ ಮೂಡಣ ದಂಡೆಯಲ್ಲಿ ಪಡುವಣಕ್ಕೆ ಮುಖಮಾಡಿ ನಿಂತರೆ, ಗಾಳಿಯೂ ಸೂರ್ಯನೂ ನಿಮ್ಮ ಬೆನ್ನಿಗಿರುತ್ತಾರೆ. ಹಕ್ಕಿ ನಿಮ್ಮತ್ತ ಮುಖಮಾಡಿ, ಎಳೆಬಿಸಿಲನ್ನು ಎದೆಯ ಮೇಲೆ ಧರಿಸಿ ಇಳಿಯುತ್ತದೆ. ಬೆಲೆಬಾಳುವ ಮಸೂರವನ್ನು ಹೊತ್ತು ಎದುರು ದಂಡೆಯಲ್ಲಿ ನಿಂತು, ಹಕ್ಕಿಯ ಬಾಲವನ್ನೇ ಹಿಡಿದು ಮನೆಗೆ ಬಂದವರನ್ನು ನಾನು ಬಲ್ಲೆ. ಮೊದಲ ವರ್ಷ ಅವರಲ್ಲಿ ನಾನೂ ಒಬ್ಬ.

ಇನ್ನು ವೇಗದ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಾರುವ ಹಕ್ಕಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಷಟರು ಸೆಕೆಂಡಿನ 1/500 ಭಾಗ ತೆರೆದಿದ್ದರೆ ಅಷ್ಟರಲ್ಲಿಯೇ ಅದು ಮೂರು ಸೆಂಟಿಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. 1/2000 ಆದರೆ ಒಂದು ಸೆಂಟಿಮೀಟರು ಕೂಡ ಇಲ್ಲ. ಹಕ್ಕಿಯ ಜೊತೆಗೆ ಕ್ಯಾಮೆರಾವನ್ನು ನಯವಾಗಿ ತಿರುಗಿಸುತ್ತ ಹೋದರೆ ಮೈಯೇನೋ ಕದಡುವುದಿಲ್ಲ. ಆದರೆ ರೆಕ್ಕೆಯ ತುದಿ ಮೈಯ ಮಾತನ್ನು ಕೇಳುವುದಿಲ್ಲವಷ್ಟೆ! ಸೆಕೆಂಡಿಗೆ ಸುಮಾರು ನಾಲ್ಕು ಬಾರಿ ಬಡಿಯುವ ಆ ರೆಕ್ಕೆಯ ಗರಿಗರಿಯೂ ಕಾಣಬೇಕೆಂದಿದ್ದರೆ 1/1600ಕ್ಕಿಂತ ಕೆಳಗಿಳಿಯಬೇಡಿ. 1882ರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಎಟಿಯೆನ್ ಜೂಲ್ ಮರೆ ಹಕ್ಕಿಗಳ ಹಾರಾಟವನ್ನರಿಯಲು ಬಂದೂಕಿನ ಆಕಾರದ ಕ್ಯಾಮೆರಾವೊಂದನ್ನು ಮಾಡಿದ್ದನು. ಕುದುರೆಯನ್ನೆಳೆದರೆ ಸೆಕೆಂಡಿಗೆ 12 ಚಿತ್ರ, ಒಂದೊಂದಕ್ಕೂ ಸೆಕೆಂಡಿನ 1/720 ಭಾಗ. ಇಂದು ನಮ್ಮ ಕೈಯಲ್ಲಿರುವ ಸಾಮಾನ್ಯ ಕ್ಯಾಮೆರಾ ಅದನ್ನು ಮೀರಿಸುತ್ತದೆ. ಹಾಗಿದ್ದೂ ಗುರಿ ತಪ್ಪುವುದು ನಮ್ಮದೇ.

ಕರಿಯ ಮಚ್ಚೆಯ ರೋಗಕ್ಕೆ ಮದ್ದು ಸುಲಭ. ಬಾನಿನ ಹೊಳಪನ್ನು ಕಂಡು ಕ್ಯಾಮೆರಾ ಬೆದರಿ, ಇಡೀ ಚಿತ್ರವನ್ನು ಮಂಕಾಗಿಸುತ್ತದೆ. ಬಾನು ಹಿನ್ನೆಲೆಯಾಗಿದ್ದಾಗ ಒಂದು ಸ್ಟಾಪಿನಷ್ಟು ಬೆಳಕನ್ನು ಹೆಚ್ಚಿಗೆ ಕೊಡಿ. ಅದೇ ಹಕ್ಕಿ ಕೆಳಗಿಳಿದು ಕಪ್ಪು ಮಣ್ಣಿನ ಹೊಲದ ಮುಂದೆ ಬಂದಾಗ ಆ ಹೆಚ್ಚಿಗೆಯನ್ನು ಹಿಂತೆಗೆದುಕೊಳ್ಳಬೇಕು. ಇಲ್ಲವಾದರೆ ಬಿಳಿಯ ಮುಖ ಸುಣ್ಣ ಬಳಿದಂತಾಗಿ ಗರಿಯ ಗೆರೆಯೆಲ್ಲ ಅಳಿದುಹೋಗುವುದು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವೆ. ಹಿಂಡು ನೀರಿನ ಮೇಲೆ ಸುಮ್ಮನೆ ಕುಳಿತಿರುವುದನ್ನು ಕಂಡು ಬೇಸತ್ತು ಕಲ್ಲೆಸೆಯುವವರೂ ಪಟಾಕಿ ಹಚ್ಚುವವರೂ ಉಂಟು. ಹೀಗೆ ದಿಗಿಲುಗೊಂಡು ಎದ್ದ ಹಕ್ಕಿಗಳ ಚಿತ್ರ ಅಂದವಾಗಿಯೂ ಇರುವುದಿಲ್ಲ. ಎಲ್ಲವೂ ನಿಮಗೆ ಬೆನ್ನು ತೋರಿಸಿ ಚೆದರುತ್ತವೆ. ಅವು ಹಗಲಿನಲ್ಲಿ ಕೆರೆಗೆ ಬರುವುದು ವಿಶ್ರಮಿಸಲು. ಮರಳಿ ಹಿಮಾಲಯವನ್ನು ಏರುವುದಕ್ಕೆ ಬೇಕಾದ ಕೊಬ್ಬು ಇಲ್ಲಿಯೇ ಅವುಗಳ ಮೈಗೂಡಬೇಕು. ನಮ್ಮ ಒಂದು ಚಿತ್ರಕ್ಕಾಗಿ ಅದನ್ನು ಕರಗಿಸುವ ಅಧಿಕಾರ ನಮಗೆ ಯಾರು ಕೊಟ್ಟರು?

ಮನೆಗೆ ಬಂದ ಮೇಲೆ ಚಿತ್ರವನ್ನು ತಿದ್ದುವ ಕೆಲಸ. ಇದನ್ನು ಮೋಸವೆನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕಪ್ಪು-ಬಿಳುಪಿನಲ್ಲಿ ಹೆಸರಾದ ಸಂಡೂರಿನ ಎಂ. ವೈ. ಘೋರ್ಪಡೆ (1931–2011), ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಮೊದಲಾದವರು ಕ್ಯಾಮೆರಾ ಹಿಡಿದ ಫಿಲ್ಮಿನ ಕಾಲದಲ್ಲಿಯೂ ಕತ್ತಲೆಕೋಣೆಯ ಕೆಲಸವಿದ್ದೇ ಇತ್ತು. ಮುದ್ರಿಸುವಾಗ ಬೆಳಕಿಗೆ ಅಂಗೈಯನ್ನು ಅಡ್ಡ ಹಿಡಿದು ಒಂದು ಮೂಲೆಯನ್ನು ತಿಳಿಯಾಗಿಸುವುದು, ಇನ್ನೊಂದನ್ನು ಕಪ್ಪಾಗಿಸುವುದು ಅಂದಿನ ಪದ್ಧತಿ. ಇಂದು ಆ ಅಂಗೈಯ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. ಕ್ಯಾಮೆರಾದಲ್ಲಿ ‘ರಾ’ ಎಂಬ ಕಡತವನ್ನಾರಿಸಿದರೆ ರೆಕ್ಕೆಯಡಿಯ ನೆರಳನ್ನು ತಿಳಿಗೊಳಿಸಲು ಹೆಚ್ಚು ಅವಕಾಶವುಂಟು. ಅಲ್ಲಿ ಗರಿಗಳು ಕಂಡೊಡನೆ ಕೈ ನಿಲ್ಲಿಸಬೇಕು. ಇನ್ನೂ ಎಳೆದರೆ ಮರಳು ಚೆಲ್ಲಿದಂತೆ ಕಾಳುಕಾಳಾಗುತ್ತದೆ. ಅಂಚನ್ನು ಕತ್ತರಿಸುವಾಗ ಹಕ್ಕಿಯ ಮುಂದೆ ಹೆಚ್ಚು ಬಾನನ್ನು ಬಿಡಿ, ಹಿಂದೆ ಕಡಿಮೆ; ಹಾರುವವರಿಗೆ ಮುಂದೆ ದಾರಿ ಬೇಕು. ಮೊನಚುಗೊಳಿಸುವುದು ಕಟ್ಟಕಡೆಗೆ, ಅದೂ ಕಣ್ಣಿಗೆ ಮತ್ತು ಗರಿಗೆ ಮಾತ್ರ. ಬಾನನ್ನು ಮೊನಚುಗೊಳಿಸಿ ಪ್ರಯೋಜನವಿಲ್ಲ.

ಅಳಿಸುವುದರ ವಿಷಯ ಬೇರೆ. ಎತ್ತರವನ್ನು ಬೇಗನೆ ಇಳಿಯಲೆಂದು ಹೆಬ್ಬಾತು ಕೆಲವೊಮ್ಮೆ ಮೈಯನ್ನು ಪೂರ್ತಿ ಮಗುಚಿ, ಹೊಟ್ಟೆ ಮೇಲಾಗಿ ಹಾರುತ್ತದೆ. ಆಗಲೂ ಕೊರಳನ್ನು ತಿರುಚಿ ತಲೆಯನ್ನು ಮಾತ್ರ ನೆಟ್ಟಗಿರಿಸಿಕೊಂಡಿರುತ್ತದೆ. ಆ ಚಿತ್ರವನ್ನು ಕಂಡವರು ಯಾರೋ ತಲೆಯನ್ನು ತಂದು ಅಂಟಿಸಿದ್ದಾರೆಂದೇ ನಂಬುವರು. ನಿಜವೇ ಇಷ್ಟು ವಿಚಿತ್ರವಾಗಿರುವಾಗ, ಯಾವುದು ಹಕ್ಕಿಯದು, ಯಾವುದು ಕಸ ಎಂದು ತೀರ್ಮಾನಿಸಲು ನಾವೆಷ್ಟರವರು?

ಇದನ್ನು ನಾನು ಕಲಿತದ್ದು ನಷ್ಟದಿಂದ. ಕಳೆದ ಚಳಿಗಾಲದಲ್ಲಿ ಹುಬ್ಬಳ್ಳಿಯ ನನ್ನ ಸೋದರಳಿಯನೊಂದಿಗೆ ಮಾಗಡಿಗೆ ಹೋಗಿದ್ದೆ. ಅಂದು ತೆಗೆದ ಚಿತ್ರಗಳಲ್ಲಿ ಒಂದು ನನ್ನ ಜೀವಮಾನದಲ್ಲಿಯೇ ಮೇಲಾದದ್ದು: ಒಂದೇ ಹೆಬ್ಬಾತು, ರೆಕ್ಕೆಯನ್ನು ಪೂರ್ತಿ ಎತ್ತಿ, ಕಣ್ಣಿನ ಮಿಂಚೂ ಕಾಣುವಂತೆ ಎದುರಿಗೇ ಬಂದಿತ್ತು. ಕಂಪ್ಯೂಟರಿನ ಕೆಲಸವೆಲ್ಲ ಅಳಿಯನದು. ವಾರದ ತರುವಾಯ ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ ತಂದುಕೊಟ್ಟ. ನಾನು ಉಬ್ಬಿಹೋದೆ. ಧಾರವಾಡದ ನನ್ನ ಮಿತ್ರರೊಬ್ಬರು, ಹಕ್ಕಿಗಳನ್ನು ನೋಡುವುದರಲ್ಲಿಯೇ ತಲೆ ನರೆತವರು, ಅದನ್ನು ನೋಡಿ ಮೆಚ್ಚಿದರು. ಅದೇ ಹಕ್ಕಿಯ ಬೇರೆ ಚಿತ್ರಗಳಿದ್ದರೆ ತೋರಿಸೆಂದರು. ಮಸುಕಾದ ಒಂದು ಚಿತ್ರವನ್ನು ದಿಟ್ಟಿಸಿ, “ಇದರ ಕೊರಳಿನಲ್ಲಿ ಪಟ್ಟಿಯಿದೆಯಲ್ಲ, ಅದರಲ್ಲಿ ಏಕಿಲ್ಲ?” ಎಂದು ಕೇಳಿದರು.

ಅಳಿಯನನ್ನು ಕರೆದು ವಿಚಾರಿಸಿದೆ. “ಕೊಳ್ಳಾಗ ಏನೋ ಪ್ಲಾಸ್ಟಿಕ್ ಕಸ ಸಿಕ್ಕೊಂಡಿತ್ತು, ಮಾಮಾ. ಛಂದ ಕಾಣಲಿಲ್ಲ, ಅಳಿಸಿಬಿಟ್ಟೆ” ಎಂದ.

ಅದು ಕಸವಲ್ಲ. ಮಂಗೋಲಿಯದಲ್ಲಿ ವಿಜ್ಞಾನಿಗಳು ಹೆಬ್ಬಾತುಗಳನ್ನು ಹಿಡಿದು, ಕೊರಳಿಗೆ ಅಕ್ಷರ ಮತ್ತು ಅಂಕೆಗಳುಳ್ಳ ಬಣ್ಣದ ಪಟ್ಟಿಯನ್ನು ತೊಡಿಸಿ ಬಿಡುತ್ತಾರೆ. ಅಂಥ ಹಕ್ಕಿಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಆ ಅಕ್ಷರಗಳನ್ನು ಓದಿ, ದಿನವನ್ನೂ ಸ್ಥಳವನ್ನೂ ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿದರೆ, ಆ ಹಕ್ಕಿ ಯಾವ ಸರೋವರದಿಂದ ಹೊರಟಿತು, ಅದಕ್ಕೆ ಎಷ್ಟು ವಯಸ್ಸಾಗಿರಬಹುದು ಎಂಬುದು ತಿಳಿಯಲು ಹಾದಿಯಾಗುತ್ತದೆ. ಮೂಲ ಚಿತ್ರವೆಲ್ಲಿ ಎಂದು ಕೇಳಿದೆ. ತಿದ್ದಿದ್ದನ್ನು ಅದರ ಮೇಲೆಯೇ ಉಳಿಸಿದ್ದನಂತೆ. ಕಾರ್ಡನ್ನು ತಂಗಿಯ ಮದುವೆಗೆಂದು ಖಾಲಿ ಮಾಡಿಯಾಗಿತ್ತು. ಉಳಿದಿದ್ದ ಮಸುಕು ಚಿತ್ರವನ್ನು ಹಿಗ್ಗಿಸಿ, ತಿಳಿಗೊಳಿಸಿ, ನಾನೂ ಅವನೂ ಒಂದು ಭಾನುವಾರವೆಲ್ಲ ಕುಳಿತೆವು. ಪಟ್ಟಿಯ ಮೇಲೆ ಏನೋ ಬರೆದಿದೆ ಎಂಬಷ್ಟೇ ಕಂಡಿತು. ಕಂಪ್ಯೂಟರು ತಾನಾಗಿ ಮೊನಚುಗೊಳಿಸಿ ಒಂದು ಅಂಕೆಯನ್ನು ತೋರಿಸಿತು. ಎರಡನೆಯ ಸಲ ಬೇರೊಂದು ಅಂಕೆಯನ್ನು. ಅದು ಓದುತ್ತಿರಲಿಲ್ಲ, ಊಹಿಸುತ್ತಿತ್ತು. ಅಂಥ ಅಂಕೆಯನ್ನು ಯಾರಿಗೂ ಬರೆದು ಕಳಿಸುವಂತಿಲ್ಲ.

ಚಿತ್ರ ನಡುಮನೆಯ ಗೋಡೆಯ ಮೇಲೆಯೇ ಇದೆ. ಬಂದವರು ರೆಕ್ಕೆಯ ಅಂದವನ್ನು ಹೊಗಳಿದಾಗ ಅಳಿಯ ಒಳಗೆ ಹೋಗಿಬಿಡುತ್ತಾನೆ. ಬರುವ ಡಿಸೆಂಬರಿನಲ್ಲಿ ಮತ್ತೆ ಮಾಗಡಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಎರಡು ಹೊಸ ಕಾರ್ಡುಗಳನ್ನು ಅವನು ಈಗಾಗಲೇ ತಂದಿಟ್ಟಿದ್ದಾನೆ. ಅವುಗಳ ಮೇಲೆ ‘ಮುಟ್ಟಬೇಡಿ’ ಎಂದು ತನ್ನ ಕೈಯಿಂದಲೇ ಬರೆದಿದ್ದಾನೆ.