ಟೀಕೆಯೆಂಬ ಹಳೆಯ ಗೌರವ

‘ನಿಮ್ಮ ಬರಹದ ಮೇಲೊಂದು ಟೀಕೆ ಬಂದಿದೆ’ ಎಂದರೆ ಇವತ್ತು ಎಂಥ ಲೇಖಕರ ಮುಖವೂ ಸಣ್ಣಗಾಗುತ್ತದೆ. ವಿವರಣೆ ಎಂಬ ಹಳೆಯ ಅರ್ಥದಲ್ಲಿ ಇದೇ ಶಬ್ದ ಕನ್ನಡ ನಾಡಿನ ಯತಿಯೊಬ್ಬರಿಗೆ ಬಿರುದಾಗಿತ್ತು. ಮಧ್ವಾಚಾರ್ಯರ ಗ್ರಂಥಗಳನ್ನು ಬಿಡಿಸಿ ಹೇಳಿದ 14ನೇ ಶತಮಾನದ ಜಯತೀರ್ಥರನ್ನು ಮಾಧ್ವರು ಈಗಲೂ ‘ಟೀಕಾಚಾರ್ಯರು’ ಎಂದೇ ಕರೆಯುತ್ತಾರೆ. ಅವರ ‘ನ್ಯಾಯಸುಧಾ’ದ ಪಾಠ ಮುಗಿದರೆ ಮಠಗಳಲ್ಲಿ ಅದೊಂದು ಉತ್ಸವ. ಬೆಡಗಿನ ವಚನಗಳಿಗೂ ಹಿಂದಿನವರು ಟೀಕೆ ಬರೆದಿಟ್ಟರು. ಅವು ಇಲ್ಲದಿದ್ದರೆ ಅಲ್ಲಮನ ಎಷ್ಟೋ ಮಾತು ನಮ್ಮ ಪಾಲಿಗೆ ಒಗಟಾಗಿಯೇ ಉಳಿಯುತ್ತಿತ್ತು.

ಟೀಕಾಕಾರನ ನಡತೆ ಹೇಗಿರಬೇಕೆಂದು ತಿಳಿಯಲು ಕೋಲಾಚಲ ಮಲ್ಲಿನಾಥನನ್ನು ನೋಡಬೇಕು. ಕೆಟ್ಟ ವ್ಯಾಖ್ಯಾನಗಳ ವಿಷವೇರಿ ಕಾಳಿದಾಸನ ವಾಣಿ ಮೂರ್ಛೆ ಹೋಗಿದೆ, ಅದನ್ನು ಎಚ್ಚರಿಸುವುದೇ ತನ್ನ ಕೆಲಸ ಎಂದು ಅವನು ಕಾಳಿದಾಸನ ಕಾವ್ಯಕ್ಕೆ ಬರೆದ ಟೀಕೆಯ ಆರಂಭದಲ್ಲೇ ಹೇಳಿಕೊಳ್ಳುತ್ತಾನೆ. ಅದಕ್ಕೇ ಆ ಟೀಕೆಯ ಹೆಸರು ‘ಸಂಜೀವಿನಿ’. ಆಧಾರವಿಲ್ಲದ್ದನ್ನು ಬರೆಯುವುದಿಲ್ಲ, ಬೇಡದ್ದನ್ನು ಆಡುವುದಿಲ್ಲ ಎಂಬುದು ಅವನು ತನಗೆ ತಾನೇ ಹಾಕಿಕೊಂಡ ಕಟ್ಟು.

ಆ ಕಟ್ಟನ್ನು ಅವನು ಪಾಲಿಸಿದ ಬಗೆ ‘ರಘುವಂಶ’ದ ಮೊದಲ ಪದ್ಯದಲ್ಲೇ ಕಾಣುತ್ತದೆ. ಕಾಳಿದಾಸ ಅಲ್ಲಿ ಪಾರ್ವತೀ ಪರಮೇಶ್ವರರಿಗೆ ನಮಸ್ಕರಿಸುತ್ತ ‘ಪಿತರೌ’ ಎನ್ನುತ್ತಾನೆ. ಮೇಲ್ನೋಟಕ್ಕೆ ‘ಇಬ್ಬರು ತಂದೆಯರು’ ಎಂದು ಅರ್ಥ ಮಾಡಿಕೊಂಡು ಓದುಗ ಎಡವಬಹುದಾದ ಜಾಗ ಅದು. ಮಲ್ಲಿನಾಥ ಅಲ್ಲಿ ನಿಂತು, ಇದು ತಾಯಿ ಮತ್ತು ತಂದೆ ಎಂಬ ಎರಡು ಶಬ್ದ ಸೇರಿ ಒಂದೇ ಉಳಿದ ರೂಪ ಎಂದು ಪಾಣಿನಿಯ ಸೂತ್ರ ತೋರಿಸಿ ಮುಂದೆ ಹೋಗುತ್ತಾನೆ. ಅಷ್ಟೆ. ಪಾಂಡಿತ್ಯ ಮೆರೆಯಲು ಸಿಕ್ಕ ಅವಕಾಶವನ್ನು ಓದುಗನ ಕಾಲಿಗೆ ತೊಡರಾಗದಂತೆ ಬಳಸಿಕೊಂಡ ಸಂಯಮ ಅದು.

ಹಾಗೆಂದು ಭಿನ್ನಾಭಿಪ್ರಾಯಕ್ಕೆ ಬೆಲೆಯಿಲ್ಲವೆಂದಲ್ಲ. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎಂಬ ಬ್ರಿಟಿಷ್ ಎಂಜಿನಿಯರ್, ಚಾರ್ಲ್ಸ್ ಡಾರ್ವಿನ್ನನ ‘ಆರಿಜಿನ್ ಆಫ್ ಸ್ಪೀಶೀಸ್’ ಮೇಲೆ ಹೆಸರು ಹಾಕದೆ ಒಂದು ದೀರ್ಘ ವಿಮರ್ಶೆ ಬರೆದ. ಸಮುದ್ರದಡಿ ತಂತಿ ಹಾಸುವ ಕಸುಬಿನವನು ಅವನು, ಜೀವಶಾಸ್ತ್ರಕ್ಕೆ ಹೊರಗಿನವನು. ಆದರೆ ಪುಸ್ತಕದ ವಾದವನ್ನು ಪೂರ್ತಿ ಓದಿ, ಅದರ ಹೆಜ್ಜೆ ಹಿಡಿದೇ ನಡೆದು ಪ್ರಶ್ನೆ ಎತ್ತಿದ: ತಂದೆತಾಯಿಯರ ಗುಣ ಮಕ್ಕಳಲ್ಲಿ ಬಣ್ಣದಂತೆ ಬೆರೆಯುವುದಾದರೆ, ಎಲ್ಲೋ ಒಂದು ಪ್ರಾಣಿಯಲ್ಲಿ ಹುಟ್ಟಿದ ಒಳ್ಳೆಯ ಮಾರ್ಪಾಡು ಕೆಲವು ತಲೆಮಾರಿನಲ್ಲೇ ತೆಳುವಾಗಿ ಅಳಿಸಿಹೋಗದೆ? ಗುಣಗಳು ಹಾಗೆ ಬೆರೆತು ಕರಗುವುದಿಲ್ಲ ಎಂದು ಮೆಂಡೆಲ್ ಅಷ್ಟರಲ್ಲೇ ತೋರಿಸಿದ್ದರೂ ಅದು ಇವರಿಬ್ಬರನ್ನೂ ತಲುಪಿರಲಿಲ್ಲ. ಡಾರ್ವಿನ್ ಕೋಪಿಸಿಕೊಳ್ಳಲಿಲ್ಲ. ಈ ಬರಹ ತನಗೆ ಬಹಳ ತೊಂದರೆ ಕೊಟ್ಟಿತು, ಆದರೆ ಬೇರಾವ ವಿಮರ್ಶೆಗಿಂತಲೂ ಉಪಯೋಗಕ್ಕೆ ಬಂತು ಎಂದು ಗೆಳೆಯ ಹೂಕರ್‌ಗೆ ಬರೆದು, 1869ರ ಐದನೇ ಆವೃತ್ತಿಯಲ್ಲಿ ತನ್ನ ಮಾತು ತಿದ್ದಿಕೊಂಡ. ಬರೆದವನ ಬೆವರಿಗೆ ಓದುಗ ಕೊಡಬಹುದಾದ ಮರ್ಯಾದೆಯಲ್ಲಿ ಹೀಗೆ ಪೂರ್ತಿ ಓದಿ ಎತ್ತಿದ ಪ್ರಶ್ನೆಗಿಂತ ದೊಡ್ಡದು ಯಾವುದಿದೆ? ಶೀರ್ಷಿಕೆ ನೋಡಿ ಬೈಯುವವರಿಂದಲೂ, ಓದದೆಯೇ ‘ಸೊಗಸಾಗಿದೆ’ ಎನ್ನುವವರಿಂದಲೂ ಅದು ಸಿಗುವುದಿಲ್ಲ.

ಬರಹದ ಹೆಜ್ಜೆ ಹಿಡಿದು ನಡೆಯುವ ಈ ಶಿಸ್ತನ್ನು ಕಣ್ಣಾರೆ ಕಾಣಬೇಕೆಂದರೆ ಶಿವಮೊಗ್ಗದ ಬಳಿಯ ಮತ್ತೂರು, ಹೊಸಹಳ್ಳಿಯ ಕಡೆ ಇಂದಿಗೂ ನಡೆಯುವ ಗಮಕ ವಾಚನಕ್ಕೆ ಹೋಗಬೇಕು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆ ದೇಶದ ಕಣ್ಣಿಗೂ ಬಿತ್ತು. ಗಮಕಿ ಕುಮಾರವ್ಯಾಸನ ಷಟ್ಪದಿಯನ್ನು ರಾಗದಲ್ಲಿ ಓದುವಾಗ ಪಕ್ಕದಲ್ಲಿರುವ ವ್ಯಾಖ್ಯಾನಕಾರರ ಕೆಲಸ ಕೇಳುವುದು ಮಾತ್ರ. ಪದ್ಯ ನಿಂತ ಮೇಲೆ ಅವರ ಸರದಿ. ಒಂದು ರೂಪಕವನ್ನು ಬಿಡಿಸುತ್ತಾರೆ, ದ್ರೌಪದಿಯ ಒಂದು ಪ್ರಶ್ನೆಯ ಹಿಂದಿನ ನೋವನ್ನು ಸಭೆಗೆ ಮುಟ್ಟಿಸುತ್ತಾರೆ. ಮುಂದಿನ ಪದ್ಯದ ಕಥೆಯನ್ನು ಮಾತ್ರ ತಾವೇ ಹೇಳಿಬಿಡುವುದಿಲ್ಲ. ಗಮಕಿ ಮತ್ತೆ ರಾಗ ಎತ್ತಿದರೆಂದರೆ, ಹೇಳಬೇಕಾದ್ದು ಇನ್ನೂ ಉಳಿದಿದ್ದರೂ ಮಾತು ನಿಲ್ಲಿಸಿ ಮತ್ತೆ ಕಿವಿಗೊಡುತ್ತಾರೆ.